ಒಣನೆಲದಲ್ಲಿ ಮೂರನೆಯ ತಂತಿ

ಕರಾವಳಿಯ ಕೆಮ್ಮಣ್ಣಿನ ಕಡೆ ಗುಡುಗು-ಸಿಡಿಲಿಗೆ ಎರಡು ಕಾಲ: ಮುಂಗಾರಿಗೆ ಮೊದಲಿನ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್-ನವೆಂಬರ್. ಆಟಿಯ ಜಡಿಮಳೆಯಲ್ಲಿ ಗುಡುಗು ಕಡಿಮೆ. ಮೊದಲ ಸಿಡಿಲು ಎರಗುವಾಗ ನೆಲ ವರ್ಷದಲ್ಲೇ ಅತಿ ಹೆಚ್ಚು ಒಣಗಿರುತ್ತದೆ. ಹೊಯಿಗೆಯಾಗಲಿ ಮುರಕಲ್ಲಾಗಲಿ, ನೀರಿಲ್ಲದಿದ್ದರೆ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಇಲ್ಲಿ ಮನೆಯ ವಿದ್ಯುತ್ ರಕ್ಷಣೆಯ ಚರಿತ್ರೆ ಎಂದರೆ ಬಹುಪಾಲು ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯದೇ ಕಥೆ.

ಬೆಂಜಮಿನ್ ಫ್ರಾಂಕ್ಲಿನ್‌ನ ಸಲಹೆಯಂತೆ 1752ರಲ್ಲಿ ಫ್ರಾನ್ಸಿನಲ್ಲಿ ಕಬ್ಬಿಣದ ಸರಳು ನೆಟ್ಟು ಮೋಡದ ವಿದ್ಯುತ್ತನ್ನು ಇಳಿಸಿದರು. ಅಂಥ ಸರಳು ಕಟ್ಟಡವನ್ನು ಕಾಯುತ್ತದೆ, ಕಂಬದಿಂದ ಸರ್ವಿಸ್ ವಯರ್ ಹಿಡಿದು ಬರುವ ಹೊಡೆತವನ್ನು ತಡೆಯುವುದಿಲ್ಲ.

ಕರಾವಳಿಯ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ವಯರಿಂಗ್, ಪಿಂಗಾಣಿ ಫ್ಯೂಸ್, ಎರಡು ಪಿನ್ನಿನ ಸಾಕೆಟ್. ಬಲ್ಬಿಗೆ ಅಷ್ಟು ಸಾಕಿತ್ತು. ಬಾವಿಗೆ ಪಂಪು, ಅಡುಗೆಮನೆಗೆ ಗ್ರೈಂಡರ್ ಬಂದ ಮೇಲೆ ಅರ್ಥಿಗೆಂದು ಮೂರನೆಯ ತಂತಿ ಬೇಕಾಯಿತು. 1957ರ ಕೆಇಬಿ ಹೋಗಿ 2002ರಲ್ಲಿ ಮೆಸ್ಕಾಂ ಬಂದರೂ ಮನೆಯಂಗಳದ ಗುಂಡಿ ಮಾತ್ರ ಯಜಮಾನರ ಹೊಣೆಯಾಗಿಯೇ ಉಳಿಯಿತು.

ಅರ್ಥಿಂಗ್‌ಗೆಂದೇ ಇರುವ ಭಾರತೀಯ ಮಾನಕ ಐಎಸ್ 3043 ಬಂದದ್ದು 1966ರಲ್ಲಿ. ಪರಿಷ್ಕರಣೆ 1987 ಮತ್ತು 2018ರಲ್ಲಿ. ಎರಡೂವರೆ ಮೀಟರ್ ಜಿಐ ಪೈಪು, ಸುತ್ತ ಇದ್ದಿಲು-ಉಪ್ಪು ಎಂಬ ಪಾಠ ವಯರ್‌ಮ್ಯಾನ್‌ಗಳಿಗೆ ಬಾಯಿಪಾಠ. ಆದರೆ ಮಳೆಗೆ ಉಪ್ಪು ಕರಗಿ ಹೋಗುತ್ತದೆ, ಇರುವಷ್ಟು ದಿನ ಪೈಪನ್ನು ತಿನ್ನುತ್ತದೆ. ಲೆಕ್ಕ ಹಾಕಿ ನೋಡಿ: ನೆಲದ ರೋಧಕತೆ 100 ಓಮ್-ಮೀಟರ್ ಇದ್ದಲ್ಲಿ ಅಂಥ ಒಂದು ಪೈಪು ಸುಮಾರು 35 ಓಮ್ ಕೊಡುತ್ತದೆ. 230 ವೋಲ್ಟ್ ಸೋರಿದರೂ ಹರಿಯುವುದು ಆರೂವರೆ ಆಂಪಿಯರ್; 15 ಆಂಪಿಯರ್ ಫ್ಯೂಸು ಅಲ್ಲಾಡುವುದಿಲ್ಲ! ನೆಲ ಒಣಗಿದಷ್ಟೂ ಲೆಕ್ಕ ಇನ್ನೂ ಕೆಡುತ್ತದೆ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಹೆಜ್ಜೆ 30 ಮಿಲಿಆಂಪಿಯರ್ ಸೋರಿದರೇ ಬೀಳುವ ಆರ್‌ಸಿಸಿಬಿ.

ಅದು ಜೀವ ಉಳಿಸುತ್ತದೆ, ಟಿವಿಯನ್ನಲ್ಲ. ಸಿಡಿಲಿನ ಹೊಡೆತಕ್ಕೆ ಬೇರೆಯೇ ಮದ್ದು: 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯಲ್ಲಿ ರೂಪುಗೊಂಡ ಜಿಂಕ್ ಆಕ್ಸೈಡ್ ವೇರಿಸ್ಟರ್. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಹೊಡೆತವನ್ನು ಅರ್ಥಿಗೆ ದಾಟಿಸುತ್ತದೆ. ಈ ವೇರಿಸ್ಟರ್ ಇರುವ ಮೀಟರ್ ಬೋರ್ಡಿನ ಸರ್ಜ್ ಪ್ರೊಟೆಕ್ಟರ್‌ನಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿ ಅರ್ಧ ಮೀಟರ್ ಮೀರಬಾರದು. ಚಂದ ಕಾಣಲೆಂದು ಅದನ್ನು ಸುತ್ತಿಸಿ ತಂದರೆ ಸಿಡಿಲಿನ ವೇಗಕ್ಕೆ ಆ ತಂತಿಯೇ ತಡೆ.

ಟೆಲಿಫೋನಿಗೆ ಹೊಡೆತ ಇಳಿಸುವ ಗ್ಯಾಸ್ ಟ್ಯೂಬ್, ಕೇಬಲ್ ಟಿವಿಗೆ ಬೇರೆ ಅರ್ಥ್ ಎಂದು ಒಂದೊಂದು ಲೈನಿಗೂ ಒಂದೊಂದು ದಾರಿ ಮಾಡಿದ್ದು ಎಡವಟ್ಟು. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟ್ ಅಂತರ ಏಳುತ್ತದೆ, ಅದು ಹಾಯುವುದು ಎರಡೂ ಲೈನು ಸೇರುವ ಟಿವಿ, ಮೋಡೆಮ್‌ಗಳ ಮೂಲಕ. ತಾಮ್ರದ ಜಾಗಕ್ಕೆ ಫೈಬರ್ ಬಂದು ಒಂದು ಬಾಗಿಲು ಮುಚ್ಚಿತು. ಆದರೆ 2024ರ ಪಿಎಂ ಸೂರ್ಯಘರ್ ಯೋಜನೆಯ ಬಳಿಕ ಮಾಡಿನ ಮೇಲೆ ಸೋಲಾರ್ ಹೆಚ್ಚುತ್ತಿದೆ. ಅದಕ್ಕೆ ಡಿಸಿ, ಎಸಿ, ಸಿಡಿಲುಸರಳು ಎಂದು ಮೂರು ಗುಂಡಿ ತೋಡುವುದು ರೂಢಿ. ಆ ಮೂರೂ ಒಂದಕ್ಕೊಂದು ಕೂಡಿವೆಯೇ ಎಂದು ಹಣ ಕೊಡುವ ಮೊದಲೇ ಕೇಳಿ ನೋಡಬೇಕು.