ಹಿತ್ತಿಲ ನೀರೊಲೆ



ಬೆಂಗಳೂರಿನ ಪಶ್ಚಿಮ ಭಾಗದ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಬಡಾವಣೆಗಳ ನಕ್ಷೆ, ಕಾರ್ಖಾನೆಗಳು, ನೀರಿನ ಕೊಳವೆ, ಬಸ್ಸಿನ ಮಾರ್ಗ ಇವುಗಳಿಂದ ಆರಂಭಿಸುತ್ತಾರೆ. ಮನೆಯ ಹಿಂದಣ ಮೂಲೆಯಲ್ಲಿ, ಹೆಂಚಿನ ಸಣ್ಣ ಇಳಿಜಾರಿನ ಕೆಳಗೆ, ತಾಮ್ರದ ಹಂಡೆಯನ್ನು ಹೊತ್ತು ಕುಳಿತಿದ್ದ ಮಣ್ಣಿನ ಒಲೆಗೆ ಆ ಚರಿತ್ರೆಯಲ್ಲಿ ಸ್ಥಾನ ಸಿಗುವುದು ಅಪರೂಪ. ಈಚೆಗೆ ನಿಮ್ಮಲ್ಲಿ ಕೆಲವರು ತಾರಸಿಯ ಮೇಲೋ ತೋಟದ ಮನೆಯ ಅಂಗಳದಲ್ಲೋ ಇಡಲು ಮಣ್ಣಿನ ಅಗ್ಗಿಷ್ಟಿಕೆಯನ್ನು ಹುಡುಕುತ್ತಿದ್ದೀರಿ. ಎಂತಹದನ್ನು ಕೊಳ್ಳಬೇಕು, ಹೇಗೆ ಕಾಪಾಡಬೇಕು ಎಂದು ಕೇಳಿದ್ದೀರಿ. ಈ ಪ್ರಶ್ನೆಗೆ ಉತ್ತರ ನಮ್ಮ ಹಿತ್ತಿಲಿನ ಇತಿಹಾಸದಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಆದ್ದರಿಂದ ಮೊದಲು ಇತಿಹಾಸ, ಅನಂತರ ಉಪಾಯ.

‘ಒಲೆ’ ಎಂಬುದು ಅಚ್ಚಗನ್ನಡದ ಹಳೆಯ ಮಾತು. ತಮಿಳಿನಲ್ಲಿ ಕಮ್ಮಾರನ ಕುಲುಮೆಯನ್ನು ಹೇಳುವ ‘ಉಲೈ’ ಇದರ ಒಡಹುಟ್ಟು. ‘ಅಗ್ಗಿಷ್ಟಿಕೆ’ಯಾದರೋ ಸಂಸ್ಕೃತದ ಅಗ್ನಿಯಿಂದ ಬಂದದ್ದು, ಎತ್ತಿ ಇಡಬಹುದಾದ, ಚಳಿ ಕಾಯಿಸಿಕೊಳ್ಳುವ ಬೆಂಕಿಯ ಪಾತ್ರೆಗೆ ಆ ಹೆಸರು. ನಮ್ಮ ಬಸವೇಶ್ವರನಗರ ಯಾರ ಹೆಸರನ್ನು ಹೊತ್ತಿದೆಯೋ ಆ ಬಸವಣ್ಣನವರ ವಚನವೊಂದರಲ್ಲಿ ಉರಿಯುವ ಒಲೆ ಉಪಮಾನವಾಗಿ ಬಂದಿರುವುದನ್ನು ನೀವು ತರಗತಿಯಲ್ಲಿ ಓದಿದ್ದೀರಿ. ಹರಿಹರನು ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದನು. ಮಣ್ಣು ಮತ್ತು ಬೆಂಕಿಯ ಕಸುಬು ನಮ್ಮ ಸಾಹಿತ್ಯಕ್ಕೆ ಎಂದೂ ಕೀಳಾಗಿ ಕಂಡಿರಲಿಲ್ಲ. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಕುಂಬಾರಪೇಟೆ ಎಂಬ ಹೆಸರು ಇಂದಿಗೂ ಉಳಿದಿದೆ. ದಂಡು ಪ್ರದೇಶದ ಆಚೆ ಪಾಟರಿ ಟೌನ್ ಎಂಬ ಕುಂಬಾರರ ಬೀಡೂ ಇದೆ.

ರಾಜಾಜಿನಗರ 1949ರಲ್ಲಿ, ಆಗಿನ ಗವರ್ನರ್ ಜನರಲ್ ಆಗಿದ್ದ ರಾಜಗೋಪಾಲಾಚಾರಿಯವರ ಹೆಸರಿನಲ್ಲಿ, ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. 1945ರಲ್ಲಿ ಸ್ಥಾಪಿತವಾಗಿದ್ದ ನಗರ ಸುಧಾರಣಾ ಮಂಡಳಿ ನಿವೇಶನಗಳನ್ನು ಹಂಚಿತು. 1976ರಿಂದ ಆ ಕೆಲಸ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಪಾಲಾಯಿತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ ಮುಂತಾದ ಹಳ್ಳಿಗಳ ಹೊಲಗಳ ನಡುವೆ ಬಡಾವಣೆಗಳು ಎದ್ದವು. ಕೆಂಗೇರಿ ಆಗ ಮೈಸೂರು ರಸ್ತೆಯ ಮೇಲಿನ ಬೇರೆಯೇ ಒಂದು ಊರು. ಮಾಗಡಿ, ಕುಣಿಗಲ್, ತುಮಕೂರು, ಮಂಡ್ಯ, ಹಾಸನಗಳಿಂದ ಕೆಲಸವನ್ನರಸಿ ಬಂದ ಸಂಸಾರಗಳು ಪೆಟ್ಟಿಗೆ, ಹಾಸಿಗೆ, ಹಂಡೆಗಳ ಜೊತೆಗೆ ಒಲೆ ಹಾಕುವ ವಿದ್ಯೆಯನ್ನೂ ತಂದವು.

ಅಂದಿನ ಮನೆಗಳಲ್ಲಿ ಬೆಂಕಿಗೂ ಒಂದು ಶ್ರಮವಿಭಾಗವಿದ್ದಿತು. ಕಾಫಿಗೆ ಸೀಮೆಎಣ್ಣೆ ಸ್ಟೌ, ಅನ್ನ ಸಾರಿಗೆ ಇದ್ದಲಿನ ಒಲೆ ಅಥವಾ ಹೊಟ್ಟಿನ ಒಲೆ, ಸ್ನಾನದ ನೀರಿಗೆ ಹಿತ್ತಿಲ ನೀರೊಲೆ. ಹೊಟ್ಟಿನ ಒಲೆಯನ್ನು ಕಿರಿಯರು ಕಂಡಿರಲಾರಿರಿ. ತಗಡಿನ ಡಬ್ಬಿಯ ನಡುವೆ ಒಂದು ದೊಣ್ಣೆಯನ್ನು ನಿಲ್ಲಿಸಿ, ಸುತ್ತಲೂ ಮರದ ಹೊಟ್ಟನ್ನು ಗಿಡಿದು, ದೊಣ್ಣೆಯನ್ನು ಮೆಲ್ಲನೆ ಎಳೆದರೆ ನಡುವೆ ಗಾಳಿಯ ದಾರಿ ಉಳಿಯುತ್ತಿದ್ದಿತು. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಂತಹ ಕಡೆಗಳಲ್ಲಿ ಮರ ಕೊಯ್ದು ಉಳಿದ ಹೊಟ್ಟು ಹೀಗೆ ಅನೇಕ ಮನೆಗಳ ಅನ್ನವನ್ನು ಬೇಯಿಸಿತು. ನೀರೊಲೆಗೆ ಮಾತ್ರ ಕೊಂಡ ಸೌದೆ ಅಷ್ಟಾಗಿ ಬೇಡ. ತೆಂಗಿನ ಮಟ್ಟೆ, ಗರಿ, ಕರಟ, ಬೇಲಿಯ ಪುಳ್ಳೆ, ಮುರಿದ ಪೆಟ್ಟಿಗೆಯ ಹಲಗೆ ಎಲ್ಲವೂ ಅದಕ್ಕೆ ಆಹಾರ. ಹೊಗೆ ಹೆಚ್ಚಾದ್ದರಿಂದಲೇ ಅದು ಮನೆಯ ಹೊರಗೆ.

ಈ ಒಲೆಯನ್ನು ಅಂಗಡಿಯಿಂದ ತರುತ್ತಿರಲಿಲ್ಲ. ಮಣ್ಣನ್ನು ಆರಿಸಿ ಕಟ್ಟುತ್ತಿದ್ದರು. ಹಿರಿಯರ ಮೊದಲ ಆಯ್ಕೆ ಹುತ್ತದ ಮಣ್ಣು. ಗೆದ್ದಲು ನೆಲದಾಳದಿಂದ ತಂದು ಅಂಟಿಸಿದ ಆ ಮಣ್ಣು ನುಣುಪು, ಕಲ್ಲು ಹರಳುಗಳಿಲ್ಲದ್ದು. ಅದು ದೊರೆಯದಿದ್ದರೆ ಕೆರೆಯ ಜೇಡಿಮಣ್ಣು. ಜೇಡಿಯೊಂದನ್ನೇ ಬಳಸಿದರೆ ಒಣಗುವಾಗ ಕುಗ್ಗಿ ಬಿರಿಯುತ್ತದೆಯೆಂದು ಅದಕ್ಕೆ ಮರಳು, ಭತ್ತದ ಹೊಟ್ಟು, ಸಗಣಿ ಸೇರಿಸಿ, ತುಳಿದು, ಒಂದೆರಡು ದಿನ ನೆನೆಯಲು ಬಿಡುತ್ತಿದ್ದರು. ಇದರ ಹಿಂದಣ ವಿಜ್ಞಾನ ಸರಳವಾದುದು. ಸಗಣಿಯ ನಾರು ಮಣ್ಣನ್ನು ಹಿಡಿದಿಡುತ್ತದೆ. ಹೊಟ್ಟು ಬೆಂಕಿಯಲ್ಲಿ ಸುಟ್ಟು ಹೋಗಿ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸುತ್ತದೆ. ಆ ರಂಧ್ರಗಳು ಶಾಖ ಹೊರಗೆ ಸೋರದಂತೆ ತಡೆಯುವುದಲ್ಲದೆ ಮಣ್ಣು ಹಿಗ್ಗಿ ಕುಗ್ಗಲು ಎಡೆಯನ್ನೂ ಕೊಡುತ್ತವೆ. ಕಟ್ಟಿದ ಒಲೆಯನ್ನು ಬಿಸಿಲಿಗಿಂತ ನೆರಳಿನಲ್ಲಿ ಒಣಗಿಸುವುದೇ ಕ್ರಮ. ಮೊದಲ ದಿನ ಒಂದು ಹಿಡಿ ಪುಳ್ಳೆಯ ಬೆಂಕಿ, ಮರುದಿನ ಸ್ವಲ್ಪ ಹೆಚ್ಚು. ದೊಡ್ಡ ಕೊಳ್ಳಿ ಇಡಬೇಕಾದರೆ ಒಂದು ವಾರವಾದರೂ ಕಳೆಯಬೇಕು.

ಆಮೇಲೆ ಬರುವುದು ಆರೈಕೆ. ಪ್ರತಿದಿನ ಬೆಳಗ್ಗೆ ಬೂದಿಯನ್ನು ಬಳಿದು ತೆಗೆಯಬೇಕು. ಆ ಬೂದಿ ಪಾತ್ರೆ ತಿಕ್ಕುವುದಕ್ಕೂ ಹಿತ್ತಿಲ ಗಿಡಗಳ ಬುಡಕ್ಕೂ ಸಲ್ಲುತ್ತಿದ್ದಿತು. ಆಗಾಗ ಸಗಣಿ ಮತ್ತು ಕೆಮ್ಮಣ್ಣಿನಿಂದ ಒಲೆಯನ್ನು ಸಾರಿಸಬೇಕು. ಹೀಗೆ ಸಾರಿಸುವಾಗಲೇ ಕೂದಲೆಳೆಯ ಬಿರುಕುಗಳು ಮುಚ್ಚಿ ಹೋಗುತ್ತಿದ್ದವು. ಉರಿಯುವ ಒಲೆಗೆ ನೀರು ಸುರಿಯಬಾರದೆಂಬುದು ಮನೆಯ ಶಾಸ್ತ್ರ. ಅದನ್ನು ಅಗ್ನಿದೇವನಿಗೆ ತೋರುವ ಮರ್ಯಾದೆಯೆಂದು ಹೇಳುತ್ತಿದ್ದರು. ಕಾದ ಮಣ್ಣು ಒಮ್ಮೆಲೇ ತಣಿದರೆ ಬಿರಿಯುತ್ತದೆಯೆಂಬ ಅನುಭವವೂ ಆ ಮಾತಿನೊಳಗೆ ಅಡಗಿದ್ದಿತು.

ವರ್ಷಕ್ಕೊಮ್ಮೆ ಮಾಡುವ ದುರಸ್ತಿಗೆ ಪಂಚಾಂಗದಲ್ಲಿಯೇ ದಿನ ಗೊತ್ತಾಗಿದ್ದಿತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಿಸೆಹಣ್ಣಿನಿಂದ ಹಂಡೆಯನ್ನು ಬೆಳಗಿ, ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಎಳೆದು, ಕೆಲವು ಮನೆಗಳಲ್ಲಿ ಹಾಗಲಬಳ್ಳಿಯನ್ನೂ ಸುತ್ತಿ, ಹೊಸ ನೀರು ತುಂಬಿ, ಒಲೆಗೂ ಹಂಡೆಗೂ ಪೂಜೆ ಮಾಡುತ್ತಿದ್ದರು. ಮರುದಿನ ಮುಂಜಾನೆ ಅಭ್ಯಂಜನ. ಹಬ್ಬದ ಕಾಲವನ್ನು ಗಮನಿಸಿರಿ. ಮುಂಗಾರಿನ ಮಳೆಯಲ್ಲಿ ಹೊರಗಣ ಮಣ್ಣಿನ ಒಲೆ ನೆನೆದು ಸವೆದಿರುತ್ತದೆ. ಚಳಿಗಾಲದಲ್ಲಿ ಅದಕ್ಕೆ ದುಡಿಮೆ ಹೆಚ್ಚು. ಆ ಎರಡರ ನಡುವೆ ಈ ಹಬ್ಬ. ಪೂಜೆಗೆ ಮುನ್ನ ಒಲೆಯನ್ನು ಮೆತ್ತಿ ಸರಿಪಡಿಸದೆ ಇರುವಂತಿಲ್ಲ. ಆಚರಣೆಯ ಮೂಲ ಏನೇ ಇರಲಿ, ಅದರಿಂದ ಒಲೆಯ ಆರೈಕೆ ವರ್ಷವರ್ಷವೂ ತಪ್ಪದೆ ನಡೆಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಆ ಒಲೆಯ ಮುಂದೆ ಊದುಕೊಳವೆ ಹಿಡಿದು ಕುಳಿತವರು ಯಾರು? ನಮ್ಮ ತಾಯಂದಿರು, ಅಜ್ಜಿಯರು, ಸೊಸೆಯಂದಿರು. ನನ್ನ ತಾಯಿಯವರಿಗೆ ಚಳಿಗಾಲದುದ್ದಕ್ಕೂ ಕೆಮ್ಮು. ಸಂಜೆಯ ಹೊತ್ತಿಗೆ ಕಣ್ಣು ಕೆಂಪು. ‘ಹೊಗೆ ಕುಡಿದದ್ದು ಕಣಪ್ಪಾ, ಏನೂ ಆಗೋಲ್ಲ’ ಎನ್ನುತ್ತಿದ್ದರು. ಆಗುತ್ತಿದ್ದಿತೆಂಬುದನ್ನು ಜಗತ್ತು ಬಹಳ ತಡವಾಗಿ ಅಳೆದು ನೋಡಿತು. ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಉಸಿರಾಟದ ಗಾಳಿಯನ್ನು ಅಳೆದು 1983ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ಮೊದಲ ಕೆಲಸಗಳಲ್ಲೊಂದು. ಶ್ವಾಸಕೋಶದ ದೀರ್ಘಕಾಲಿಕ ರೋಗಗಳಿಗೂ ಮಕ್ಕಳ ನ್ಯುಮೋನಿಯಾಕ್ಕೂ ಸೌದೆಯ ಹೊಗೆ ಕಾರಣವಾಗುತ್ತದೆಯೆಂಬುದು ಇಂದು ನಿಶ್ಚಿತ. ಹಿತ್ತಿಲ ಒಲೆ ಬಯಲಿನಲ್ಲಿದ್ದುದರಿಂದ ಅಡುಗೆಮನೆಯ ಒಲೆಗಿಂತ ವಾಸಿ; ಆದರೆ ಊದುವವರ ಮುಖಕ್ಕೆ ಆ ವ್ಯತ್ಯಾಸ ಅಷ್ಟಾಗಿ ತಿಳಿಯುತ್ತಿರಲಿಲ್ಲ.

ಒಲೆಯ ಈ ದೋಷವನ್ನು ತಿದ್ದುವ ಒಂದು ದೊಡ್ಡ ಪ್ರಯತ್ನ ನಮ್ಮ ನಗರದಲ್ಲಿಯೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಒಯ್ಯುವುದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬಲ್ಲಿ ಅವರು ಕೇಂದ್ರವೊಂದನ್ನು ತೆರೆದು, ಸುತ್ತಲ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಲೆಕ್ಕ ಹಾಕಿದರು. ಬಹುಪಾಲು ಶಕ್ತಿ ಒಲೆಗೆ ಇಟ್ಟ ಸೌದೆಯದೇ ಎಂದು ಕಂಡುಬಂದಿತು. ಮಣ್ಣಿನ ಕಟ್ಟಡಗಳ ವಿಷಯದಲ್ಲಿ ಹೆಸರಾದ ಪ್ರೊ. ಕೆ. ಎಸ್. ಜಗದೀಶ್ ಮೊದಲಾದವರು ಸೇರಿ 1980ರ ದಶಕದ ಆರಂಭದಲ್ಲಿ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಬೆಂಕಿಗೆ ಮುಚ್ಚಿದ ಗೂಡು, ಕೆಳಗಿನಿಂದ ಗಾಳಿ ಬರಲು ಜಾಲರಿ, ಬಿಸಿಗಾಳಿ ಸಾಲಾಗಿ ಮೂರು ಪಾತ್ರೆಗಳ ಅಡಿಯಲ್ಲಿ ಹರಿದು ಕೊನೆಗೆ ಹೊಗೆಕೊಳವೆಯಿಂದ ಹೊರಹೋಗುವ ಏರ್ಪಾಡು. ಸೌದೆ ಕಡಿಮೆ, ಮನೆಯೊಳಗೆ ಹೊಗೆಯೂ ಕಡಿಮೆ. ನಮ್ಮ ಕಡೆ ಮೊದಲೇ ಇದ್ದ ಕೋಡೊಲೆಯಲ್ಲಿಯೂ ಒಂದೇ ಬೆಂಕಿಗೆ ಎರಡು ಪಾತ್ರೆ ಇಡುತ್ತಿದ್ದರು. ಹಳೆಯ ಆ ಜಾಣತನ ಇಲ್ಲಿ ಲೆಕ್ಕಾಚಾರದ ಬಲವನ್ನು ಪಡೆಯಿತು.

ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ 1980ರ ದಶಕದ ನಡುವಿನಿಂದ 2002ರವರೆಗೆ ನಡೆದು, ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳು ಹಂಚಿಕೆಯಾದವು. ಆದರೆ ಅವುಗಳಲ್ಲಿ ಅನೇಕವು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು. ಕಾರಣವನ್ನು ಮುಂದೆ ಒಡಿಶಾದಲ್ಲಿ ನಡೆದ ಒಂದು ದೀರ್ಘ ಅಧ್ಯಯನ ಸ್ಪಷ್ಟಪಡಿಸಿತು. ರೀಮಾ ಹನ್ನಾ, ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್ ಎಂಬ ಅರ್ಥಶಾಸ್ತ್ರಜ್ಞರು ಹೊಗೆಕೊಳವೆಯುಳ್ಳ ಮಣ್ಣಿನ ಒಲೆಗಳನ್ನು ಪಡೆದ ಮನೆಗಳನ್ನು ವರ್ಷಗಟ್ಟಲೆ ಗಮನಿಸಿದರು. ಮೊದಲ ವರ್ಷ ಹೊಗೆ ಸೇವನೆ ತಗ್ಗಿತು. ಅನಂತರ ಆ ಲಾಭ ಉಳಿಯಲಿಲ್ಲ. ಕೊಳವೆಯ ಮಸಿ ತೆಗೆಯುವುದು, ಬಿರುಕು ಮುಚ್ಚುವುದು ನಿಂತುಹೋಗಿ, ಬಳಕೆಯೂ ಇಳಿದಿತ್ತು. ಹಳೆಯ ನೀರೊಲೆಗೆ ಹಬ್ಬವಿದ್ದಿತು, ಸಾರಿಸುವ ವಾಡಿಕೆಯಿದ್ದಿತು, ಹುತ್ತದ ಮಣ್ಣಿನ ಗುಟ್ಟು ಬಲ್ಲ ಅಜ್ಜಿಯಿದ್ದಳು. ಹೊಸ ಒಲೆ ಸರ್ಕಾರದಿಂದ ಬಂದಿತು; ಅದರ ಆರೈಕೆ ಯಾರ ದಿನಚರಿಯಲ್ಲಿಯೂ ಸೇರಲಿಲ್ಲ. ಮಣ್ಣಿನ ಒಲೆಯ ಆಯುಷ್ಯವನ್ನು ನಿರ್ಧರಿಸುವುದು ಅದನ್ನು ಕಟ್ಟುವ ಕೈಗಿಂತ ಹೆಚ್ಚಾಗಿ ಅದನ್ನು ನೋಡಿಕೊಳ್ಳುವ ಕೈ. ಈ ಲೇಖನದಿಂದ ನೀವು ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿರಿ.

ನಮ್ಮ ಬಡಾವಣೆಗಳಲ್ಲಿ ನೀರೊಲೆ ಮರೆಯಾದುದು ಬೇರೆ ದಾರಿಯಿಂದ. ವರ್ಷಗಟ್ಟಲೆ ಕಾದು ಪಡೆದ ಗ್ಯಾಸ್ ಸಂಪರ್ಕ ಅಡುಗೆಮನೆಯನ್ನು ಬದಲಿಸಿತು. ತಾಮ್ರದ ಬಾಯ್ಲರ್, ಗೀಸರ್, ತಾರಸಿಯ ಸೌರ ಫಲಕಗಳು ಒಂದರ ಹಿಂದೊಂದು ಬಂದವು. ಹಿತ್ತಿಲಿನ ಜಾಗದಲ್ಲಿ ಬಾಡಿಗೆ ಮನೆ ಎದ್ದಿತು. ಹಂಡೆಗಳು ಪಾತ್ರೆ ಅಂಗಡಿಯ ತಕ್ಕಡಿಗೆ ಹೋದವು. ಇದಕ್ಕಾಗಿ ನಾನು ವ್ಯಥೆಪಡುವುದಿಲ್ಲ. ನಮ್ಮ ಸೊಸೆಯಂದಿರು ಹೊಗೆ ಕುಡಿಯದೆ ಬದುಕುತ್ತಿರುವುದು ದೊಡ್ಡ ಸಂಗತಿ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಬಡ ಹೆಂಗಸರಿಗೂ ಗ್ಯಾಸ್ ಸಂಪರ್ಕ ದೊರೆಯಿತೆಂಬುದೂ ಸಂತೋಷದ ವಿಷಯ.

ಇನ್ನು ನಿಮ್ಮ ಪ್ರಶ್ನೆ. ದಿನನಿತ್ಯದ ಅಗತ್ಯಕ್ಕಲ್ಲದೆ, ಡಿಸೆಂಬರಿನ ಚಳಿಯಲ್ಲಿ ನಾಲ್ಕು ಜನ ಸುತ್ತ ಕುಳಿತು ಅವರೆಕಾಯಿ ಸುಲಿಯುವುದಕ್ಕೆ ಮಣ್ಣಿನ ಅಗ್ಗಿಷ್ಟಿಕೆ ಬೇಕೆಂದರೆ ಕುಂಬಾರರಿಂದಲೇ ಕೊಳ್ಳಿರಿ. ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿರಿ. ಚೆನ್ನಾಗಿ ಬೆಂದ ಮಣ್ಣು ಕಣಕಣ ಎನ್ನುತ್ತದೆ, ಒಳಬಿರುಕಿದ್ದರೆ ಸದ್ದು ಮಂಕು. ಗೋಡೆ ಎಲ್ಲ ಕಡೆಯೂ ಒಂದೇ ದಪ್ಪವಿರಲಿ. ಗಾಳಿಯಾಡುವಷ್ಟು ಬಾಯಿ ಅಗಲವಿರಲಿ. ವಿದೇಶದಲ್ಲಿರುವವರು ಕೊಳ್ಳುವ, ಹೊಟ್ಟೆ ದೊಡ್ಡದಾಗಿ ಕುತ್ತಿಗೆ ಉದ್ದವಾಗಿರುವ ಮೆಕ್ಸಿಕೋ ಮೂಲದ ಚಿಮಿನಿಯಾಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ.

ತಳದಲ್ಲಿ ಮೂರು ಬೆರಳಿನಷ್ಟು ಮರಳು ಹಾಸಿದರೆ ಕೆಂಡದ ಶಾಖ ನೇರವಾಗಿ ಮಣ್ಣಿಗೆ ತಾಗುವುದಿಲ್ಲ. ಮೊದಲ ಐದಾರು ಬೆಂಕಿಗಳು ಪುಳ್ಳೆಯವೇ ಆಗಿರಲಿ. ಒಣಗಿದ ಸೌದೆಯನ್ನೇ ಉರಿಸಿರಿ. ಕಸವನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ಎಂದಿಗೂ ಹಾಕದಿರಿ. ಬೆಂಕಿ ತಾನಾಗಿ ಆರಲಿ. ಅವಸರವಿದ್ದರೆ ಮರಳು ಹಾಕಿ ಆರಿಸಿ, ನೀರು ಬೇಡ. ಪೂರ್ತಿ ತಣಿದ ಮೇಲೆ ಮಳೆಗೆ ನೆನೆಯದಂತೆ ಮುಚ್ಚಿಡಿ. ಹಿಮ ಬೀಳುವ ದೇಶಗಳಲ್ಲಿರುವವರು ಚಳಿಗಾಲಕ್ಕೆ ಮುನ್ನ ಅದನ್ನು ಒಳಗಿರಿಸಬೇಕು. ರಂಧ್ರಗಳೊಳಗಣ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಮಣ್ಣು ಸಿಡಿಯುತ್ತದೆ. ಸಣ್ಣ ಬಿರುಕಿಗೆ ಸಿಮೆಂಟು ಮೆತ್ತದಿರಿ. ಅದು ಬೆಂಕಿಗೆ ಪುಡಿಯಾಗುವುದಲ್ಲದೆ ಮಣ್ಣಿನೊಡನೆ ಸಮನಾಗಿ ಹಿಗ್ಗುವುದೂ ಇಲ್ಲ. ಜೇಡಿಮಣ್ಣಿಗೆ ಮರಳು, ಸಗಣಿ ಸೇರಿಸಿದ ಹಳೆಯ ಮೆತ್ತಿಗೆಯೇ ಸಾಕು. ಚಳಿಯೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತಂದು ಬಾಗಿಲು ಹಾಕಿಕೊಳ್ಳುವುದಂತೂ ಪ್ರಾಣಾಪಾಯ. ಇಂಗಾಲದ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳದೆ ಹೋದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಮನೆಯಲ್ಲಿ ಒಲೆ ಹಾಕಿ ಬಲ್ಲ ಹಿರಿಯರು ಇನ್ನೂ ಇದ್ದರೆ, ಅವರು ಮಣ್ಣಿಗೆ ಏನೇನು, ಯಾವ ಪ್ರಮಾಣದಲ್ಲಿ ಬೆರೆಸುತ್ತಿದ್ದರೆಂದು ಕೇಳಿ ಬರೆದಿಟ್ಟುಕೊಳ್ಳಿರಿ. ಊರೂರಿಗೂ ಅದು ಬೇರೆ ಬೇರೆ. ನನಗೂ ತಿಳಿಸಿದರೆ ಎಲ್ಲವನ್ನೂ ಸೇರಿಸಿ ಇಲ್ಲಿಯೇ ಪ್ರಕಟಿಸುತ್ತೇನೆ.