ಬೆಂಗಳೂರು ನೋಡಹೊರಟ ನಮ್ಮ ಸೀಮೆಯವರಿಗೆ

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ರೈತರೊಬ್ಬರು ಈಚೆಗೆ ನನ್ನಲ್ಲಿಗೆ ಬಂದಿದ್ದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. “ಮೇಷ್ಟ್ರೇ, ಹುಡುಗ ದೊಡ್ಡ ಊರು ಕಂಡವನಲ್ಲ. ಅಲ್ಲಿ ನೋಡತಕ್ಕದ್ದು ಏನೇನಿದೆ, ಒಂದು ಚೀಟಿಯಲ್ಲಿ ಬರೆದುಕೊಡಿ. ನಾಲ್ಕು ಜನರ ಮುಂದೆ ಅವನು ಹಳ್ಳಿಗಮಾರ ಅನ್ನಿಸಿಕೊಳ್ಳಬಾರದು” ಎಂದರು. ಚೀಟಿ ಬರೆದುಕೊಟ್ಟೆನು. ಆದರೆ ಅವರ ಕೊನೆಯ ಮಾತು ನನ್ನ ಮನಸ್ಸಿನಲ್ಲಿಯೇ ಉಳಿಯಿತು. ತಮ್ಮ ಮನೆಯಿಂದಲೂ ಯಾರಾದರೂ ಬೆಂಗಳೂರಿಗೆ ಹೊರಟಿರಬಹುದು. ಆ ಮಾತಿಗೆ ನನ್ನ ಉತ್ತರವನ್ನು ತಮ್ಮೆಲ್ಲರ ಮುಂದೆ ಇಡುತ್ತೇನೆ.

ಬಸ್ಸಿನಿಂದ ಇಳಿದ ಸ್ಥಳದಿಂದಲೇ ನೋಡಲು ತೊಡಗಬಹುದು. ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿದ ಈ ಊರಿಗೆ ಬಹುಕಾಲ ನೀರು ಕೊಟ್ಟ ಕೆರೆಗಳಲ್ಲಿ ಅದೂ ಒಂದು. ಊರೆಂದರೆ ಮೊದಲು ಕೆರೆ ಎಂಬುದನ್ನು ಬರದ ಸೀಮೆಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ಮೆಟ್ರೊ ರೈಲು ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ ಹತ್ತಿರದಲ್ಲಿಯೇ ಕೋಟೆಯ ದಿಲ್ಲಿ ಬಾಗಿಲು ಕಾಣುತ್ತದೆ. ಮೊದಲಿದ್ದ ಮಣ್ಣಿನ ಕೋಟೆಯನ್ನು ಹೈದರಾಲಿಯು 1761ರಲ್ಲಿ ಕಲ್ಲಿನಿಂದ ಕಟ್ಟಿಸಿದನು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಈ ಕೋಟೆಯ ಗೋಡೆಯನ್ನು ಒಡೆದು ಒಳನುಗ್ಗಿತು. ಇವು ಪಾಠದ ಪುಸ್ತಕದಲ್ಲಿರುವ ಸಂಗತಿಗಳೇ ಸರಿ. ಆದರೆ ಅದಕ್ಕೂ ಹಿಂದಿನ ಒಂದು ಸಂಗತಿಯನ್ನು ನಮ್ಮವರು ನೆನೆಯಬೇಕು. 1687ರಲ್ಲಿ ಮೊಗಲ್ ಸೇನಾಪತಿ ಕಾಸಿಂಖಾನನು ಬೆಂಗಳೂರನ್ನು ಹಿಡಿದು, ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಿಟ್ಟುಕೊಟ್ಟನು. ಮೊಗಲರು ತಮ್ಮ ಹೊಸ ಸುಬಾಕ್ಕೆ ರಾಜಧಾನಿಯಾಗಿ ಇಟ್ಟುಕೊಂಡದ್ದು ಯಾವ ಊರನ್ನು? ನಮ್ಮ ನೆರೆಯ ಶಿರಾವನ್ನು! ಇಂದು ನಾವು ಬೆರಗಾಗಿ ನೋಡುವ ಬೆಂಗಳೂರನ್ನು ಮಾರಿ ಅವರು ಶಿರಾವನ್ನು ಉಳಿಸಿಕೊಂಡರು.

ಮುಂದೆ ನಡೆದರೆ ಟಿಪ್ಪುಸುಲ್ತಾನನ ಅರಮನೆ. ಇದನ್ನು 1781ರಲ್ಲಿ ಹೈದರಾಲಿ ಆರಂಭಿಸಿದನು, 1791ರಲ್ಲಿ ಟಿಪ್ಪು ಮುಗಿಸಿದನು. ಮರದ ಕಂಬಗಳ, ಕಮಾನುಗಳ ಈ ಸೊಬಗಿಗೆ ಮಾದರಿ ಎಲ್ಲಿತ್ತು ಎಂದು ಕೇಳಿದರೆ, ಶಿರಾದಲ್ಲಿ ನವಾಬ ದಿಲಾವರ್‌ಖಾನನು ಕಟ್ಟಿಸಿದ್ದ ಅರಮನೆಯ ಕಡೆಗೇ ಹಳೆಯ ಗ್ಯಾಸೆಟಿಯರ್ ಬೆರಳು ತೋರಿಸುತ್ತದೆ. ಶ್ರೀರಂಗಪಟ್ಟಣದ ಅರಮನೆಗೂ ಅದೇ ಮಾದರಿಯೆಂಬ ಮಾತುಂಟು. ಗಟ್ಟಿ ಸಾಮಗ್ರಿಯಿಂದ ಕಟ್ಟದ ಆ ಶಿರಾ ಅರಮನೆ ಉಳಿಯಲಿಲ್ಲ. ಅದನ್ನು ನೋಡಿ ಕಟ್ಟಿದ್ದು ಉಳಿದಿದೆ.

ಮತ್ತೆ ರೈಲು ಹತ್ತಿ ಲಾಲ್‌ಬಾಗಿಗೆ ಬನ್ನಿ. ಹೈದರಾಲಿಯು 1760ರಲ್ಲಿ ಹಾಕಿಸತೊಡಗಿದ ತೋಟ ಇದು. ಈಗ ಸುಮಾರು 240 ಎಕರೆಯಷ್ಟು ಹರಡಿದೆ. ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ. ಆ ಬಂಡೆಯಂತೂ 300 ಕೋಟಿ ವರ್ಷಗಳ ಹಿಂದಿನದೆಂದು ಭೂವಿಜ್ಞಾನಿಗಳು ಎಣಿಸಿದ್ದಾರೆ. 1889ರಲ್ಲಿ ತಳಹದಿ ಹಾಕಿದ ಗಾಜಿನ ಮನೆಯಲ್ಲಿ ಸ್ವಾತಂತ್ರ್ಯೋತ್ಸವಕ್ಕೂ ಗಣರಾಜ್ಯೋತ್ಸವಕ್ಕೂ ಫಲಪುಷ್ಪ ಪ್ರದರ್ಶನ ನಡೆಯುತ್ತದೆ. ಈ ತೋಟದ ಕಲ್ಪನೆ ಹೈದರಾಲಿಗೆ ಬಂದದ್ದು ಶಿರಾದ ಖಾನ್‌ಬಾಗ್ ಎಂಬ ಮೊಗಲ್ ಉದ್ಯಾನವನ್ನು ಕಂಡು ಎಂದು ಇತಿಹಾಸ ಬರೆದವರು ಊಹಿಸಿದ್ದಾರೆ.

ಇಷ್ಟು ನೋಡಿದ ಮೇಲೆ ಮೆಜೆಸ್ಟಿಕ್ಕಿಗೆ ಹಿಂದಿರುಗಿ, ಪೂರ್ವದ ಕಡೆಯ ರೈಲು ಹಿಡಿದರೆ ವಿಧಾನಸೌಧ. 1951ರಲ್ಲಿ ಶಂಕುಸ್ಥಾಪನೆಯಾಗಿ, ಕೆಂಗಲ್ ಹನುಮಂತಯ್ಯನವರ ಛಲದಿಂದ ಮೇಲೆದ್ದು 1956ರಲ್ಲಿ ಮುಗಿದ ಕಲ್ಲಿನ ಭವನ. ಎದುರಿಗೆ 1868ರಲ್ಲಿ ಪೂರ್ತಿಯಾದ ಕೆಂಪು ಬಣ್ಣದ ಅಠಾರ ಕಚೇರಿ. ಅದರಲ್ಲಿ ಈಗ ಉಚ್ಚ ನ್ಯಾಯಾಲಯವಿದೆ. ಅದರ ಹಿಂದೆ 1870ರ ಕಬ್ಬನ್ ಉದ್ಯಾನ. ನಮ್ಮ ತಾಲ್ಲೂಕುಗಳ ಅರ್ಜಿಗಳು, ದಾವೆಗಳು ಕೊನೆಗೆ ಹೋಗಿ ಸೇರುವುದು ಈ ಎರಡು ಮನೆಗಳಿಗೇ. ಹೊರಗೆ ನಿಂತು ನೋಡಿದರೂ ಇವು ನಮ್ಮವು ಎಂಬ ಭಾವನೆ ಇರಲಿ.

ಹಾಗಾದರೆ ಆ ರೈತರ ಮಾತಿಗೆ ಉತ್ತರವೇನು? ತಮ್ಮ ಹುಡುಗ ಲಾಲ್‌ಬಾಗಿನಲ್ಲಿ ಅಳುಕಿ ನಡೆಯಬೇಕಾಗಿಲ್ಲ. ದೊಡ್ಡ ಊರಿಗೆ ತೋಟವನ್ನೂ ಅರಮನೆಯನ್ನೂ ಕಲಿಸಿತೆಂಬ ಹೆಸರು ಪಡೆದ ಸೀಮೆಯಿಂದ ಅವನು ಬಂದಿದ್ದಾನೆ. ನಾಚಿಕೆಪಡುವುದಾದರೆ ಬೇರೊಂದಕ್ಕೆ ಪಡಬೇಕು. ಬೆಂಗಳೂರಿನ ಹೂವಿಗೆ ಟಿಕೆಟು ಕೊಟ್ಟು ಸಾಲಿನಲ್ಲಿ ನಿಲ್ಲುವ ನಾವು, ಶಿರಾದಲ್ಲಿ ಉಳಿದಿರುವ ಮಲ್ಲಿಕ್ ರಿಹಾನನ ಗೋರಿಯನ್ನಾಗಲಿ, 1696ರ ಜುಮ್ಮಾ ಮಸೀದಿಯನ್ನಾಗಲಿ ಎಷ್ಟು ಜನ ನೋಡಿದ್ದೇವೆ? ಬಿದನೂರನ್ನು 1763ರಲ್ಲಿ ಗೆದ್ದ ಹೈದರಾಲಿಯು ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಕೋಟೆಯಲ್ಲಿ. ಆ ಬೆಟ್ಟವನ್ನು ದಿನವೂ ಕಾಣುವ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ?

ನಾನು ಕೊಟ್ಟ ಚೀಟಿಯ ಕೊನೆಯ ಸಾಲು ಇದು: ಬೆಂಗಳೂರನ್ನು ಚೆನ್ನಾಗಿ ನೋಡು, ಹಬ್ಬಕ್ಕೆ ಊರಿಗೆ ಬಂದಾಗ ನಿಮ್ಮ ಅಪ್ಪನನ್ನು ಕರೆದುಕೊಂಡು ಶಿರಾವನ್ನೂ ನೋಡಿ ಬಾ.