ಗುದ್ದಿಗೆ ಕೂಡಿಸಿದ ತಾಳ

ವಾಚಕರೇ, ಅಮೆರಿಕದ ಹೊಡೆದಾಟದ ಚಿತ್ರಗಳಲ್ಲಿ ಮೊಳಗುವ ರಾಕ್ ಸಂಗೀತವನ್ನು ಬರಿಯ ಗದ್ದಲವೆಂದು ತಳ್ಳಿಹಾಕದಿರಿ. 1982ರಲ್ಲಿ ಬಂದ ‘ರಾಕಿ 3’ ಎಂಬ ಮುಷ್ಟಿಕಾಳಗದ ಚಿತ್ರಕ್ಕೆ, ಅದರ ನಾಯಕನೂ ನಿರ್ದೇಶಕನೂ ಆದ ಸಿಲ್ವೆಸ್ಟರ್ ಸ್ಟಲೋನ್ ಮೊದಲು ಬಯಸಿದ್ದು ಇಂಗ್ಲೆಂಡಿನ ಕ್ವೀನ್ ತಂಡದ ಹಾಡೊಂದನ್ನು, ಹಕ್ಕು ದೊರೆಯಲಿಲ್ಲ. ಆಗ ಕರೆ ಹೋದದ್ದು ಸರ್ವೈವರ್ ಎಂಬ ತಂಡಕ್ಕೆ. ಅದರ ಜಿಮ್ ಪೀಟರಿಕ್, ಫ್ರಾಂಕಿ ಸಲಿವನ್ ಎಂಬಿಬ್ಬರು ಚಿತ್ರದ ಮೊದಲ ಭಾಗವನ್ನು ನೋಡುತ್ತ, ಪರದೆಯ ಮೇಲೆ ಗುದ್ದು ಬೀಳುವಲ್ಲಿ ಗಿಟಾರಿನ ಪೆಟ್ಟೂ ಬೀಳುವಂತೆ ‘ಐ ಆಫ್ ದ ಟೈಗರ್’ ಹಾಡನ್ನು ಕಟ್ಟಿದರು. ಕಥೆ ಸಪ್ಪೆಯೆನ್ನುವಿರೇ? ಇರಲಿ. ಗೆಲುವಿನಲ್ಲಿ ಮೈಮರೆತ ವೀರನೊಂದು ಕಡೆ, ಹಸಿದ ಎದುರಾಳಿಯೊಂದು ಕಡೆ. ಮಾತಿನ ಹಂಗಿಲ್ಲದೆ ಇವರಿಬ್ಬರ ಅಂತರವನ್ನು ಆ ಹಾಡೇ ಮನಗಾಣಿಸುತ್ತದೆ. ಅದೇ ವರ್ಷ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಅದು 6 ವಾರ ನಿಂತಿತು.